ಗಾಳಿಗೆ ಬೇರೆ ದಾರಿ

ಕರಗಂಡ
14 ಅಕ್ಟೋಬರ್ 1951

ಅಕ್ಕಾ,

ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ನನ್ನ ಜೊತೆ ಕೆಲಸ ಮಾಡುವ ಸಪಾರ್‌ಗಲಿಯ ಭಾವಮೈದ ಜುಮಾಬೆಕ್ ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಎತ್ತಿಹಾಕುವವನು. ನಿಮ್ಮ ಕಡೆಯ ಗಾಡಿ ಸಿಕ್ಕಿದೆಯಂತೆ. ಇದನ್ನು ಅವನ ಬೂಟಿನೊಳಗೆ ಮಡಚಿ ಇಟ್ಟಿದ್ದೇನೆ, ವಾಸನೆ ಬಂದರೆ ಅವನನ್ನು ಬೈಯಬೇಡ. ಅಂಚೆಗೆ ಹಾಕಿದ್ದನ್ನು ನಿನಗಿಂತ ಮೊದಲು ಯಾರು ಯಾರು ಓದುತ್ತಾರೋ. ಅದಕ್ಕೇ ಮನಸ್ಸಿನಲ್ಲಿರುವುದನ್ನೆಲ್ಲ ಇದರಲ್ಲೇ ಬರೆದುಬಿಡುತ್ತೇನೆ.

ನನ್ನನ್ನು ಗಣಿಯ ಕೆಳಗಿನಿಂದ ಮೇಲಕ್ಕೆ ಹಾಕಿದ್ದಾರೆ. ವೋಲ್ಗಾ ದಂಡೆಯಲ್ಲಿ ನಾನು ಹಿಟ್ಟಿನ ಗಿರಣಿಯ ಮೋಟರು ನೋಡಿಕೊಳ್ಳುತ್ತಿದ್ದೆನಲ್ಲ, ಅದು ಇಷ್ಟು ವರ್ಷದ ಮೇಲೆ ಯಾರಿಗೋ ನೆನಪಾಗಿದೆ. ಈಗ ನಾನು ಗಾಳಿಮನೆಯವನು. ಗಣಿಬಾವಿಯ ಬಾಯಿಗೆ ಅಂಟಿಕೊಂಡ ಕಟ್ಟಡ ಅದು. ಗೋಡೆಯ ಆಚೆ ಆಳೆತ್ತರಕ್ಕೂ ಮೀರಿದ ಫ್ಯಾನು, ಈಚೆ ಅದನ್ನು ತಿರುಗಿಸುವ ಮೋಟರು, ಎರಡನ್ನೂ ಸೇರಿಸುವ ಉಕ್ಕಿನ ದಂಡ ಗೋಡೆಯನ್ನು ತೂರಿ ಹೋಗುತ್ತದೆ. ಕೆಳಗಿನ ಕೆಟ್ಟ ಗಾಳಿಯನ್ನು ಹೀರಿ ಹೊರಗೆ ಉಗುಳುವುದು ಫ್ಯಾನಿನ ಕೆಲಸ. ಅದು ನಿಂತರೆ ಕೆಳಗೆ ಗ್ಯಾಸು ತುಂಬುತ್ತದೆ. ಮಿಕ್ಕದ್ದು ನಿನಗೇ ಗೊತ್ತಾಗುತ್ತದೆ.

ಇಲ್ಲಿ ಬೆಚ್ಚಗಿದೆ, ತಲೆಯ ಮೇಲೆ ಕಲ್ಲು ಬೀಳುವುದಿಲ್ಲ. ಒಂದೇ ತೊಂದರೆ, ಮೋಟರಿನ ಫ್ಯಾನಿನ ಕಡೆಯ ಬೇರಿಂಗು ಎಣ್ಣೆ ಹಾಕಿದಷ್ಟೂ ಕುಡಿಯುತ್ತದೆ. ನನಗಿಂತ ಮೊದಲಿದ್ದವನ ಕಾಲದಲ್ಲಿ ಒಮ್ಮೆ ಒಣಗಿ ಕರಗಿಹೋಗಿತ್ತಂತೆ. ಅವನೀಗ ಎಲ್ಲಿ ಎಂದು ಕೇಳಿದೆ. ಸಪಾರ್‌ಗಲಿ ಕಿಟಕಿಯ ಕಡೆ ನೋಡಿ, “ಚಹಾ ಆರಿಹೋಗ್ತಿದೆ, ಕುಡಿ” ಅಂದ.

ನಮ್ಮ ಮುಖ್ಯ ಮೆಕ್ಯಾನಿಕ್ ಪ್ರಿಖೋದ್ಕೊ ಕೆಟ್ಟವನಲ್ಲ. “ಈ ಚಳಿಗಾಲ ಫ್ಯಾನು ಒಂದ್ಸಲಾನೂ ನಿಲ್ಲದೆ ಓಡ್ಲಿ, ಕಮಾಂಡೆಂಟ್ ಹತ್ರ ನಾನೇ ಮಾತಾಡ್ತೀನಿ. ವಸಂತಕ್ಕೆ ಅಕ್ಕನ್ನ ನೋಡ್ಕೊಂಡು ಬರೋವಂತೆ” ಅಂದಿದ್ದಾನೆ. ಯುದ್ಧದಲ್ಲಿ ಜರ್ಮನ್ನರೆಂದು ವೋಲ್ಗಾದಿಂದ ಗಡೀಪಾರಾಗಿ, ಅನುಮತಿಯಿಲ್ಲದೆ ಊರಿನ ಗಡಿ ದಾಟಿದರೆ ಇಪ್ಪತ್ತು ವರ್ಷ ಕಠಿಣ ಶಿಕ್ಷೆ ಎಂಬ ಕಾಗದಕ್ಕೆ ಸಹಿ ಹಾಕಿದವರು ನಾವು. ಹಾಗಾಗಿ ಈ ಬೇರಿಂಗನ್ನು ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದೇನೆ.

ಇನ್ನೊಂದು ವಿಷಯ. ಹೆತ್ತ ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಬಹುದು ಎಂದು ತಿಂಗಳ ಸಹಿಗೆ ಕಮಾಂಡೆಂಟ್ ಕಚೇರಿಯ ಸಾಲಿನಲ್ಲಿ ನಿಂತಾಗ ಕೇಳಿಸಿಕೊಂಡೆ. ಇರ್ಮಾಳ ಹೆಸರು ಬರೆಯಲೇ? ನನ್ನನ್ನು ಕಡ್ಡಾಯ ದುಡಿಮೆಗೆ ಲಾರಿ ಹತ್ತಿಸಿದ ದಿನ ಅವಳು ತನ್ನ ಅಮ್ಮ ಫ್ರೀಡಾಳ ಸೊಂಟದ ಮೇಲೆ ಕೂತು ನನ್ನ ಟೋಪಿ ಕಿತ್ತುಕೊಂಡಿದ್ದಳು. ಎರಡು ವರ್ಷವೂ ತುಂಬಿರಲಿಲ್ಲ. ಮುಖ ಈಗ ಯಾರ ಹಾಗಿದೆ, ಅದನ್ನಾದರೂ ಬರೆ.

ನಿನ್ನ ತಮ್ಮ,
ರೂಡಿ


ಹತ್ತಿ ತೋಟ, ಮೂರನೇ ವಿಭಾಗ
2 ನವೆಂಬರ್ 1951

ರೂಡಿ,

ಅರ್ಜಿ ಹಾಕಬೇಡ. ಹಾಕಿದ್ದರೆ ತಪ್ಪಾಯಿತು ಅಂತ ಹೇಳಿ ವಾಪಸ್ ತೆಗೆದುಕೊ. ಜುಮಾಬೆಕ್ ಇಲ್ಲೇ ಒಲೆಯ ಮುಂದೆ ಕೂತಿದ್ದಾನೆ, ಅವನು ಬೂಟು ಹಾಕಿಕೊಳ್ಳುವುದರೊಳಗೆ ಇದನ್ನು ಮುಗಿಸಬೇಕು.

ಫ್ರೀಡಾ ನಲವತ್ತೆರಡರ ಬೇಸಿಗೆಯಲ್ಲಿ ಟೈಫಸ್ ಬಂದು ಹೋದಳು ಅಂತಷ್ಟೇ ನಿನಗೆ ತಿಳಿಸಿದ್ದೆ. ಆಮೇಲಿನದನ್ನು ಅಂಚೆಯಲ್ಲಿ ಬರೆಯುವ ಹಾಗಿರಲಿಲ್ಲ. ಆ ಅಕ್ಟೋಬರಿನಲ್ಲಿ ನಮ್ಮ ಜರ್ಮನ್ ಹೆಂಗಸರನ್ನೂ ಕಡ್ಡಾಯ ದುಡಿಮೆಗೆ ಎಳೆದೊಯ್ಯಲು ಬಂದರು. ಮೂರು ವರ್ಷದೊಳಗಿನ ಕೂಸಿದ್ದ ತಾಯಂದಿರನ್ನು ಮಾತ್ರ ಬಿಟ್ಟರು. ನನಗೆ ಮಕ್ಕಳಿಲ್ಲ. ನಾನು ಹೋದರೆ ಇರ್ಮಾ ಅನಾಥಾಲಯದ ಪಾಲು, ಅಲ್ಲಿಗೆ ಹೋದ ಎಷ್ಟೋ ಮಕ್ಕಳ ಹೆಸರೇ ಬದಲಾಗಿ ಹೋಯಿತು, ಆಮೇಲೆ ಹುಡುಕಿದವರಿಗೆ ಸಿಗಲಿಲ್ಲ. ಮೇಜಿನ ಹಿಂದೆ ಕೂತವನು, “ಇದ್ಯಾರ ಕೂಸು?” ಅಂದ. ಅವಳು ನನ್ನ ಲಂಗ ಹಿಡಿದು ನಿಂತಿದ್ದಳು. “ನಂದೇ” ಅಂದೆ. “ಅಪ್ಪ?” ಅಂದ. “ನನ್ನ ಗಂಡ, ಕಾರ್ಲ್” ಅಂದೆ. ಬರೆದುಕೊಂಡ. ಕಾರ್ಲ್ ಆಗ ಉತ್ತರದ ಕಾಡಿನಲ್ಲಿ ಮರ ಕಡಿಯುತ್ತಿದ್ದ. ಅವನು ತೀರಿಕೊಂಡ ಸುದ್ದಿ ಬಂದದ್ದು ಆಮೇಲೆ. ತನಗೊಬ್ಬ ಮಗಳಿದ್ದಾಳೆ ಅಂತ ಅವನಿಗೆ ಗೊತ್ತಾಗಲೇ ಇಲ್ಲ.

ಈಗ ನೀನು “ನನ್ನ ಮಗಳು” ಅಂತ ಬರೆದರೆ ಆ ಸುಳ್ಳು ಹೊರಗೆ ಬರುತ್ತದೆ. ನನಗೆ ಜೈಲು, ಅವಳಿಗೆ ಮತ್ತೆ ಅದೇ ಅನಾಥಾಲಯ. ನಿನ್ನ ಕೈಗಂತೂ ಅವಳನ್ನು ಕೊಡುವುದಿಲ್ಲ.

ಮುಖ ಫ್ರೀಡಾಳದು. ಕಿವಿ ನಮ್ಮ ಮನೆಯದು, ಬಟ್ಟಲಿನ ಹಿಡಿಯ ಹಾಗೆ. ಚೂಟಿ ಇದ್ದಾಳೆ, ಶಾಲೆಯಲ್ಲಿ ಬಾಯಿ ನಿಲ್ಲುವುದಿಲ್ಲ. ಆ ಬಾಯಿಗೆ ಹೆದರಿ ಅವಳಿಗೆ ಏನು ಹೇಳಬೇಕೋ ಅಷ್ಟನ್ನೇ ಹೇಳಿದ್ದೇನೆ.

ಜುಮಾಬೆಕ್ ಎದ್ದ.

ಅಕ್ಕ


ಹತ್ತಿ ತೋಟ
20 ಜನವರಿ 1952

ಪ್ರೀತಿಯ ರೂಡಿ ಮಾವನಿಗೆ,

ನೀವು ಕಳಿಸಿದ ಕೈಗವಸು ತಲುಪಿದವು. ಹೆಬ್ಬೆರಳಿನ ಜಾಗ ಸ್ವಲ್ಪ ದೊಡ್ಡದು, ಅಮ್ಮ ಹೊಲಿದು ಸರಿಮಾಡಿದಳು. ಥ್ಯಾಂಕ್ಸ್ ಅಂತ ಬರೆಯಲು ಅವಳೇ ಕೂರಿಸಿದ್ದಾಳೆ. ಆದರೆ ಇಲ್ಲಿಂದ ಮುಂದಿನದು ನಾನೇ ಬರೆಯುತ್ತಿರುವುದು.

ನೀವು ಗಾಳಿ ಹೀರುವ ಯಂತ್ರದ ಮನೆಯಲ್ಲಿ ಇರುತ್ತೀರಂತೆ. ನಮ್ಮ ಹತ್ತಿ ಗಿರಣಿಯಲ್ಲೂ ಹೀರುವ ಫ್ಯಾನು ಇದೆ. ಹತ್ತಿ ಕೊಳವೆಯೊಳಗೆ ಹಾರಿಕೊಂಡು ಹೋಗುತ್ತದೆ. ನಾನು ಒಮ್ಮೆ ಕೈಚೌಕ ಹಿಡಿದೆ, ಅದೂ ಹೋಯಿತು, ಅಮ್ಮ ಬೈದಳು. ನಿಮ್ಮ ಬೇರಿಂಗು ಎಣ್ಣೆ ಕುಡಿಯುತ್ತೆ ಅಂತ ಅಮ್ಮ ಹೇಳಿದಳು. ಬೇರಿಂಗು ಅಂದರೆ ಏನು? ಅದಕ್ಕೆ ಬಾಯಾರಿಕೆ ಯಾಕೆ?

ನಮ್ಮ ಅಪ್ಪನ ಫೋಟೋ ಗೋಡೆಯ ಮೇಲಿದೆ. ಮಡಿಲಲ್ಲಿ ಅಕಾರ್ಡಿಯನ್ ಇಟ್ಟುಕೊಂಡಿದ್ದಾರೆ. ಅದು ನುಡಿಸುವುದು ನನಗೆ ಕೆಲವು ಸಲ ಕನಸಿನಲ್ಲಿ ಕೇಳಿಸುತ್ತದೆ. ನೀವು ಅವರನ್ನು ನೋಡಿದ್ದಿರಲ್ಲ, ಅವರ ಬಗ್ಗೆ ಬರೆಯಿರಿ.

ನಿಮ್ಮ ಸೊಸೆ,
ಇರ್ಮಾ


ಕರಗಂಡ
11 ಫೆಬ್ರವರಿ 1952

ಇರ್ಮಾ,

ನಿನ್ನ ಅಕ್ಷರ ಚೆನ್ನಾಗಿದೆ. ಕಾಗದವನ್ನು ಹಲವು ಸಲ ಓದಿದೆ.

ಬೇರಿಂಗು ಅಂದರೆ ತಿರುಗುವ ದಂಡ ಕೂರುವ ಜಾಗ. ಒಳಗೆ ಮೆತ್ತನೆಯ ಲೋಹದ ಬಳೆಯಂಥದ್ದು ಇರುತ್ತದೆ. ಆ ಬಳೆಗೂ ದಂಡಕ್ಕೂ ನಡುವೆ ಕೂದಲೆಳೆಯಷ್ಟು ದಪ್ಪದ ಎಣ್ಣೆ. ಅಷ್ಟು ಭಾರದ ದಂಡ ನಿಜವಾಗಿ ಕೂತಿರುವುದು ಲೋಹದ ಮೇಲಲ್ಲ, ಆ ಎಣ್ಣೆಯ ಮೇಲೆ. ದಂಡಕ್ಕೆ ಒಂದು ಉಂಗುರ ಜೋತುಬಿದ್ದಿದೆ. ಅದು ಕೆಳಗಿನ ಎಣ್ಣೆಯ ತೊಟ್ಟಿಯಲ್ಲಿ ಅದ್ದಿಕೊಂಡು ತಿರುಗುತ್ತಾ ಎಣ್ಣೆಯನ್ನು ಮೇಲಕ್ಕೆ ಎತ್ತಿ ಸುರಿಯುತ್ತಿರುತ್ತದೆ.

ಅದಕ್ಕೆ ಬಾಯಾರಿಕೆಯೇನೂ ಇಲ್ಲ. ಎಣ್ಣೆ ಕಳುವಾಗುತ್ತಿದೆ, ಕಳ್ಳ ಗಾಳಿ. ಗೋಡೆಯ ಆಚೆ ಫ್ಯಾನು ಹೀರುತ್ತಿರುತ್ತದೆ. ದಂಡ ತೂರಿದ ತೂತಿನ ಸಂದಿಯಿಂದಲೂ ಹೀರುತ್ತದೆ. ಈ ಕಡೆಯ ಗಾಳಿ ಆ ಸಂದಿ ಸೇರಲು ಬೇರಿಂಗಿನೊಳಗಿಂದಲೇ ನುಗ್ಗುತ್ತದೆ. ಹೋಗುವಾಗ ಎಣ್ಣೆಯನ್ನು ಮಂಜು ಮಾಡಿ ಹೊತ್ತೊಯ್ಯುತ್ತದೆ, ಧೂಳನ್ನು ಅಲ್ಲೇ ಬಿಟ್ಟುಹೋಗುತ್ತದೆ. ನಿನ್ನ ಕೈಚೌಕ ಹೋಯಿತಲ್ಲ, ಹಾಗೇ.

ಕಾರ್ಲ್ ಭಾವ ಎಡಗೈಯವನು. ನಗುವುದಕ್ಕೆ ಮೊದಲೇ ಅವನ ಭುಜ ಕುಣಿಯುತ್ತಿತ್ತು. ಒಳ್ಳೆಯವನು.

ಚೆನ್ನಾಗಿ ಓದು. ಅಮ್ಮನ ಮಾತು ಕೇಳು.

ನಿನ್ನ ಮಾವ,
ರೂಡಿ


ಕರಗಂಡ
9 ಮಾರ್ಚ್ 1952

ಅಕ್ಕಾ,

ಇದೂ ಜುಮಾಬೆಕ್ ಕೈಯಲ್ಲಿ.

ಬೇರಿಂಗು ಹೋಯಿತು. ಫೆಬ್ರವರಿ ಕೊನೆಯಲ್ಲಿ ಹಿಮಗಾಳಿ ಎದ್ದ ದಿನ ಮಧ್ಯಾಹ್ನ ಅದರ ಮೇಲೆ ಕೈ ಇಟ್ಟೆ, ಚುರ್ ಎಂದಿತು. ಎಣ್ಣೆ ಸುರಿದೆ, ಹೊಗೆ ಬಂತು. ಮೋಟರು ನಿಲ್ಲಿಸಿ ಗಂಟೆ ಬಾರಿಸಿದೆ. ಕಷ್ಟಕಾಲಕ್ಕೆಂದು ಇಟ್ಟ ಇನ್ನೊಂದು ಫ್ಯಾನಿನ ಮೋಟರು ಸುಟ್ಟು ಕಾರ್ಯಾಗಾರದಲ್ಲಿ ಬಿದ್ದಿದೆ. ಕೆಳಗಿದ್ದವರೆಲ್ಲ ಏಣಿ ಹತ್ತಿ, ಮೇಲೆಳೆಯುವ ಕಬ್ಬಿಣದ ತೊಟ್ಟಿಲು ಹತ್ತಿ, ಮಸಿ ಮುಖದಲ್ಲಿ ಮೇಲೆ ಬಂದು ಹಿಮದಲ್ಲಿ ನಿಂತರು. ಯಾರಿಗೂ ಏನೂ ಆಗಲಿಲ್ಲ. ಆದರೆ ನನ್ನ ವಸಂತ ಹೋಯಿತು. ರಜೆಯ ಮಾತನ್ನು ಪ್ರಿಖೋದ್ಕೊ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದಕ್ಕೆ ಮದ್ದು ಇದೆ ಅಕ್ಕ. ಅವನಿಗೆ ಹೇಳಿದೆ.

“ದಂಡದ ಸಂದಿಗೆ ಫೆಲ್ಟು ಬಟ್ಟೆ ಸುತ್ತಿ ಬಿಗಿ ಅಂದಿದ್ನಲ್ಲ?” ಅಂದ.

“ಬಿಗಿದೆ. ಬಿಗಿದಷ್ಟೂ ಉಜ್ಜಿ ಬಿಸಿಯಾಗಿ ಕರಕಲಾಯ್ತು. ಗಾಳೀನ ತಡೆಯೋಕಾಗಲ್ಲ. ಅದಕ್ಕೆ ಬೇರೆ ದಾರಿ ಕೊಡ್ಬೇಕು. ಬೇರಿಂಗಿಗೂ ಗೋಡೆಗೂ ಮಧ್ಯೆ ದಂಡದ ಸುತ್ತ ಒಂದು ತಗಡಿನ ಡಬ್ಬಿ ಕೂರಿಸಿ, ಡಬ್ಬಿಗೊಂದು ಕೊಳವೆ ಇಟ್ಟು, ಕೊಳವೆ ಬಾಯಿ ಹೊರಗೆ ಬಿಡೋಣ. ಫ್ಯಾನು ಹೀರೋದಾದ್ರೆ ಕೊಳವೆಯಿಂದ ಹೀರ್ಲಿ. ಬೇರಿಂಗಿನ ಎರಡೂ ಪಕ್ಕ ಒತ್ತಡ ಒಂದೇ ಆದ್ಮೇಲೆ ಗಾಳಿ ಅದರೊಳಗೆ ಯಾಕೆ ನುಗ್ಗುತ್ತೆ?”

ಅವನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಮುಖ ಬಿಳಿಚಿಕೊಂಡಿತು. “ನಕ್ಷೇಲಿ ಇದೆಯಾ ಅದು?”

“ಇಲ್ಲ.”

“ನಕ್ಷೇಲಿ ಇಲ್ಲದ ತೂತನ್ನ ಒಬ್ಬ ಜರ್ಮನ್ ಗಣಿ ಫ್ಯಾನಿಗೆ ಕೊರೆದ ಅಂತ ನಾನು ಮೇಲಕ್ಕೆ ಬರೀಬೇಕಾ? ನಿನ್ನನ್ನೂ ನನ್ನನ್ನೂ ಒಂದೇ ಗೋಡೆ ಮುಂದೆ ನಿಲ್ಲಿಸ್ತಾರೆ.”

“ಕೊರೀದೆ ಇದ್ದು ಮತ್ತೆ ಕರಗಿದ್ರೆ?”

“ಆಗ ನಿನ್ನೊಬ್ಬನ್ನೇ ನಿಲ್ಲಿಸ್ತಾರೆ” ಅಂದ. ತಮಾಷೆ ಮಾಡಿದನೋ ಏನೋ.

ಇನ್ನು ನಮ್ಮ ವಿಷಯ. “ರೂಡಿ ಮಾವನಿಗೆ” ಅಂತ ಬರೆದಿದ್ದಳು. ಗಾಳಿಮನೆಯಲ್ಲಿ ನಿಂತೇ ಓದಿದೆ. ಸಪಾರ್‌ಗಲಿಗೆ ಎಲ್ಲ ಗೊತ್ತು. “ಮಗಳು ಏನ್ ಬರೆದಿದ್ದಾಳೋ, ಜೋರಾಗಿ ಓದೋ” ಅಂತ ಹಲ್ಲು ಬಿಟ್ಟುಕೊಂಡು ನಿಂತ. “ಕೈಗವಸು ದೊಡ್ಡದಾಯ್ತಂತೆ” ಅಂದೆ, ಮಡಚಿಟ್ಟೆ. ಕಾಗದದ ಮೇಲೆ ನೀನು ಏನು ಮಾಡಿದೆಯೋ ಅದು ಅವಳ ಜೀವ ಉಳಿಸಿತು, ನಿನ್ನ ಕಾಲಿಗೆ ಬೀಳುತ್ತೇನೆ. ಆದರೆ ಮಗುವಿನ ಮನಸ್ಸಿನಲ್ಲೂ ನನ್ನನ್ನು ಅಳಿಸಬೇಕಿತ್ತೇ? ನಿಮ್ಮಪ್ಪ ದೂರದ ಊರಿನಲ್ಲಿದ್ದಾನೆ, ಯಾರಿಗೂ ಹೇಳಬಾರದು ಅಂತ ಕಿವಿಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲವೇ? ಕಾರ್ಲ್ ಭಾವನ ಅಕಾರ್ಡಿಯನ್ ಅವಳ ಕನಸಿನಲ್ಲಿ ಕೇಳಿಸುತ್ತದಂತೆ. ನಾನು ಬದುಕಿದ್ದೇನೆ ಅಕ್ಕ.

ಉತ್ತರ ಬರೆದೆ. ಕೊನೆಯಲ್ಲಿ “ನಿನ್ನ ಮಾವ” ಅಂತ ಹಾಕಿದೆ. ಕೈ ಬರಲಿಲ್ಲ, ಆದರೂ ಹಾಕಿದೆ.

ರೂಡಿ


ಹತ್ತಿ ತೋಟ
17 ಏಪ್ರಿಲ್ 1952

ರೂಡಿ,

ನಿನ್ನದು ತಲುಪಿತು. ಉತ್ತರ ಬರೆಯಲು ಎರಡು ಸಲ ಕೂತು ಎರಡು ಸಲವೂ ಒಲೆಗೆ ಹಾಕಿದೆ. ಬಿತ್ತನೆ ನಡೆಯುತ್ತಿದೆ. ಇರ್ಮಾಗೆ ಗಂಟಲು ನೋವಿತ್ತು, ವಾಸಿಯಾಯಿತು. ನೀನು ಅಂಚೆಯಲ್ಲಿ ಅವಳಿಗೆ ಹಾಕಿದ ಕಾಗದದ ಎರಡು ಸಾಲಿನ ಮೇಲೆ ಯಾರೋ ಕಪ್ಪು ಮಸಿ ಬಳಿದಿದ್ದರು, ಅಲ್ಲಿ ಏನಿತ್ತು ಅಂತ ಅವಳು ದೀಪಕ್ಕೆ ಹಿಡಿದು ಹಿಡಿದು ನೋಡುತ್ತಾಳೆ. ಒಣಗಿಸಿದ ಕರಬೂಜ ಕಳಿಸಿದ್ದೇನೆ. ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ.

ಹೇಳಿದಷ್ಟು ಕೆಲಸ ಮಾಡು. ಹೇಳದ್ದಕ್ಕೆ ಕೈ ಹಾಕಬೇಡ. ನನಗೆ ಇರುವ ತಮ್ಮ ನೀನೊಬ್ಬನೇ.

ಅಕ್ಕ


ಕರಗಂಡ
6 ಜುಲೈ 1952

ರೂಡಿಯ ಅಕ್ಕನವರಿಗೆ ಸಪಾರ್‌ಗಲಿ ಮಾಡುವ ಸಲಾಂ.

ನಾನು ಹೇಳ್ತಾ ಇದ್ದೀನಿ, ನನ್ನ ತಂಗಿ ಬರೀತಾ ಇದ್ದಾಳೆ. ತಪ್ಪಿದ್ರೆ ಅವಳ್ದು. ಜುಮಾಬೆಕ್ ತಂದುಕೊಡ್ತಾನೆ, ಅವನಿಗೆ ಊಟ ಹಾಕಿ, ಜಾಸ್ತಿ ಹಾಕ್ಬೇಡಿ.

ಅಕ್ಕಾವ್ರೇ, ಮೊದಲು ಒಂದು ಮಾತು. ನಿಮ್ಮ ತಮ್ಮ ಬದುಕಿದ್ದಾನೆ. ಈಗ ಮಿಕ್ಕದ್ದು ಕೇಳಿ.

ಮೇ ತಿಂಗಳಲ್ಲಿ ಹೊಸ ಬೇರಿಂಗೂ ಬಿಸಿಯಾಗೋಕೆ ಶುರುವಾಯ್ತು. ಈ ಸಲ ರೂಡಿ ಕಾಯ್ಲಿಲ್ಲ. ಕರಗೋ ಮುಂಚೇನೇ ನಿಲ್ಲಿಸಿ ಎಲ್ಲಾರನ್ನೂ ಮೇಲೆ ಕರೆಸಿದ. ಜನ ಹೊರಗೆ ಬೀಡಿ ಸೇದ್ತಾ ಕೂತ್ರು. ಇವನು ಮೂಲೆಯಿಂದ ಒಂದು ತಗಡಿನ ಡಬ್ಬಿ ತೆಗೆದ. ಎರಡು ಹೋಳು ಮಾಡಿ ಯಾವಾಗಲೋ ರೆಡಿ ಮಾಡ್ಕೊಂಡಿದ್ದ ಕಳ್ಳ! ನನಗೂ ಹೇಳಿರಲಿಲ್ಲ. ಕೊಳವೆ ಯಾವುದು ಅಂತೀರಾ, ನಮ್ಮ ಮನೆ ಒಲೇದು. “ನಿನ್ನ ಹೆಂಡ್ತಿ ಹಳೇ ಹೊಗೆ ಕೊಳವೆ ಎಸೀತಾಳಂತೆ, ಕೊಡು” ಅಂತ ಇಸ್ಕೊಂಡಿದ್ದ. “ನೀನು ಹೊರಗೆ ಹೋಗು ಸಪಾರ್‌ಗಲಿ, ನೀನಿಲ್ಲಿ ಇರ್ಲೇ ಇಲ್ಲ” ಅಂದ. ನಾನು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಮೋಟರು ಹಾಕಿದ್ವಿ. ಕೊಳವೆ ಬಾಯಿಗೆ ಒಂದು ಚೂರು ಕಾಗದ ಹಿಡಿದೆ, ಪಟ್ ಅಂತ ಅಂಟ್ಕೊಳ್ತು. ಅಂದ್ರೆ ಫ್ಯಾನು ಅಲ್ಲಿಂದ ಹೀರ್ತಾ ಇದೆ. ಬೇರಿಂಗಿನ ಹತ್ರ ಹಿಡಿದೆ, ಕಾಗದ ಸುಮ್ನೆ ಜೋತಾಡ್ತು. ರೂಡಿ ನೆಲದ ಮೇಲೆ ಕೂತ್ಕೊಂಡುಬಿಟ್ಟ. ವಾರ ಕಳೆದ್ರೂ ತೊಟ್ಟೀಲಿ ಎಣ್ಣೆ ಇದ್ದಷ್ಟೇ ಇತ್ತು. ಬೇರಿಂಗು ಬೆಚ್ಚಗೆ, ಕುರಿಮರಿ ಹೊಟ್ಟೆ ಥರ.

ಆಮೇಲೆ ತಪಾಸಣೆಯವರು ಬಂದ್ರು. “ಈ ಕೊಳವೆ ಯಾರದ್ದು?” ಅಂದ್ರು. ಪ್ರಿಖೋದ್ಕೊ ತನ್ನ ಬೂಟು ನೋಡ್ದ. ರೂಡಿ, “ನಂದು” ಅಂದ. ಅದೇ ಸಂಜೆ ಕರ್ಕೊಂಡು ಹೋದ್ರು. ಗಣಿ ಹಾಳುಮಾಡೋಕೆ ಮಾಡಿದ್ದು ಅಂತ ಬರೆದಿದ್ದಾರಂತೆ. ನನ್ನನ್ನೂ ಕರೆಸಿದ್ರು. “ಎಣ್ಣೆ ಹೋಗ್ತಿಲ್ಲ, ನೀವೇ ಬಂದು ನೋಡಿ” ಅಂದೆ. “ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು” ಅಂದ್ರು.

ಮಜಾ ಏನು ಗೊತ್ತಾ, ಕೊಳವೆ ಮಾತ್ರ ಯಾರೂ ತೆಗೆದಿಲ್ಲ. ತೆಗೀರಿ ಅಂತ ಹೇಳೋ ಧೈರ್ಯ ಯಾರಿಗೂ ಇಲ್ಲ. ಅದು ಹೀರ್ತಾ ಇದೆ, ಅವನು ಒಳಗಿದ್ದಾನೆ.

ಮಗೂಗೆ ಇದನ್ನ ಓದಿ ಹೇಳ್ಬೇಡಿ.

ಸಪಾರ್‌ಗಲಿ


ಹತ್ತಿ ತೋಟ
1 ಸೆಪ್ಟೆಂಬರ್ 1952

ಪ್ರೀತಿಯ ರೂಡಿ ಮಾವನಿಗೆ,

ಇದು ನನ್ನ ನಾಲ್ಕನೇ ಕಾಗದ. ನಿಮಗೆ ಕೋಪ ಬಂದಿದೆಯಾ? ಅಮ್ಮನನ್ನು ಕೇಳಿದರೆ “ಕೆಲಸ ಜಾಸ್ತಿ ಇರುತ್ತೆ” ಅಂತಾಳೆ, ಆಮೇಲೆ ಹಿತ್ತಿಲಿಗೆ ಹೋಗುತ್ತಾಳೆ. ಬೇರಿಂಗು ಈಗ ಹೇಗಿದೆ? ಅಷ್ಟಾದರೂ ಬರೆಯಿರಿ. ಬರೆಯಲು ಆಗದಿದ್ದರೆ ಖಾಲಿ ಲಕೋಟೆ ಕಳಿಸಿ, ಮೇಲೆ ನಿಮ್ಮ ಕೈಯ ವಿಳಾಸ ಇದ್ದರೆ ಸಾಕು.

ಇರ್ಮಾ


ಕರಗಂಡ
18 ಮೇ 1953

ಅಕ್ಕಾ,

ಮತ್ತೆ ಗಾಳಿಮನೆಯಲ್ಲಿದ್ದೇನೆ. ಒಂದು ವರ್ಷ ಬೇರೆ ಕಡೆ ಇದ್ದೆ. ಆರೋಗ್ಯ ಚೆನ್ನಾಗಿದೆ. ಮೊದಲಿದ್ದ ಹಲ್ಲುನೋವು ಈಗಿಲ್ಲ, ಆ ಹಲ್ಲುಗಳೂ ಇಲ್ಲ. ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತೇನೆ.

ದೊಡ್ಡ ನಾಯಕರು ತೀರಿಕೊಂಡ ಮೇಲೆ ಈ ವಸಂತದಲ್ಲಿ ಎಷ್ಟೋ ಕೈದಿಗಳನ್ನು ಮನೆಗೆ ಕಳಿಸಿದರಲ್ಲ, ನನ್ನನ್ನೂ ಕಳಿಸಿದರು. ಬಂದು ನೋಡಿದರೆ ಕೊಳವೆಗೆ ಹಸಿರು ಬಣ್ಣ ಬಳಿದಿದ್ದಾರೆ. ಇನ್ನೊಂದು ಫ್ಯಾನಿಗೂ ಅಂಥದ್ದೇ ಡಬ್ಬಿ ಕೂರಿಸಿದ್ದಾರೆ. ಈಗ ಅದು ನಕ್ಷೆಯಲ್ಲೂ ಇದೆ. ಯಾರು ಬರೆದರು ಎಂದು ನಾನು ಕೇಳಲಿಲ್ಲ.

ರಜೆ ಕೇಳಿದೆ. ಪ್ರಿಖೋದ್ಕೊ ನನ್ನ ಹೆಗಲ ಮೇಲೆ ಕೈ ಹಾಕಿದ. “ನೀನು ಹೋದ್ರೆ ಈ ಫ್ಯಾನುಗಳ ಗತಿ ಏನು? ನೀನಿಲ್ದೆ ಇದ್ದ ವರ್ಷ ನನಗೆ ನಿದ್ದೆ ಇರಲಿಲ್ಲ. ನಿನ್ನ ಬಿಟ್ರೆ ಇವನ್ನ ಬಲ್ಲೋರು ಯಾರಿದ್ದಾರೆ? ಕಮಾಂಡೆಂಟ್‌ಗೂ ಹಾಗೇ ಹೇಳಿದ್ದೀನಿ, ಈ ಮನುಷ್ಯನ್ನ ಎಲ್ಲಿಗೂ ಬಿಡಬೇಡಿ ಅಂತ” ಅಂದ. ನನಗೆ ಉಪಕಾರ ಮಾಡಿದೆನೆಂದೇ ಅವನು ನಂಬಿದ್ದಾನೆ.

ಬೇರಿಂಗು ಕೆಟ್ಟಾಗಲೂ ಬರಲಾಗಲಿಲ್ಲ, ನೆಟ್ಟಗಾದ ಮೇಲೂ ಬರಲಾಗುತ್ತಿಲ್ಲ. ಸಪಾರ್‌ಗಲಿ, “ಇನ್ನೊಂದ್ಸಲ ಕೆಡಿಸಿ ನೋಡೋಣ್ವಾ?” ಅಂತಾನೆ.

ನಾನಿಲ್ಲದಾಗ ಬಂದ ಇರ್ಮಾಳ ಕಾಗದಗಳನ್ನು ಅವನ ಹೆಂಡತಿ ಎತ್ತಿಟ್ಟಿದ್ದಳು. ಉತ್ತರ ಬೇರೆ ಹಾಕುತ್ತೇನೆ. ಹಿಂದೆ ನಿನಗೆ ಬಿರುಸಾಗಿ ಬರೆದಿದ್ದೆ. ಆ ವರ್ಷವಿಡೀ ನನ್ನನ್ನು ಮೇಜಿನ ಹಿಂದೆ ಕೂತವರು ಪ್ರಶ್ನೆ ಕೇಳಿದರು. ಲಂಗ ಹಿಡಿದ ಕೂಸನ್ನು ಪಕ್ಕದಲ್ಲಿಟ್ಟುಕೊಂಡು ಅಂಥವರಿಗೆ ಉತ್ತರ ಕೊಡುವುದು ಏನೆಂದು ಈಗ ಗೊತ್ತು.

ರೂಡಿ


ಹತ್ತಿ ತೋಟ
3 ಅಕ್ಟೋಬರ್ 1954

ಪ್ರೀತಿಯ ರೂಡಿ ಮಾವನಿಗೆ,

ಹತ್ತಿ ಬಿಡಿಸುವ ಕಾಲ, ಶಾಲೆ ಮುಚ್ಚಿದೆ, ನಾವೆಲ್ಲ ಹೊಲದಲ್ಲಿ. ಬೆರಳ ತುದಿ ಬಿರಿದು ಪೆನ್ನು ಹಿಡಿಯಲು ಆಗುತ್ತಿಲ್ಲ, ಅಕ್ಷರ ನೋಡಿ ನಗಬೇಡಿ.

ನಮ್ಮ ಗಿರಣಿಯ ಫ್ಯಾನಿನ ಬೇರಿಂಗೂ ಕಳೆದ ವಾರ ಕೂಗಿತು. ಬಿಚ್ಚುವಾಗ ನಾನು ಅಲ್ಲೇ ಇದ್ದೆ. ಗ್ರೀಸೆಲ್ಲ ಹತ್ತಿಯ ಎಳೆ ಕಚ್ಚಿಕೊಂಡು ಚಾಪೆಯ ಹಾಗಾಗಿತ್ತು. ನೀವು ಕಾಗದದಲ್ಲಿ ಬರೆದಿದ್ದ ಡಬ್ಬಿಯ ಚಿತ್ರ ಬಿಡಿಸಿ ಮೆಕ್ಯಾನಿಕ್ ತಾತನಿಗೆ ತೋರಿಸಿದೆ. “ನೋಡೋಕೆ ಚೆನ್ನಾಗಿದೆ, ಆದ್ರೆ ಕೊಳವೆ ಬಾಯಿಗೆ ಹತ್ತಿ ಕಟ್ಕೊಂಡ್ರೆ ಏನ್ಮಾಡ್ತೀಯೇ?” ಅಂದ. ಬಾಯಿಗೆ ಬಟ್ಟೆ ಕಟ್ಟಿದರೆ ಗಾಳಿ ಬರುತ್ತೆ, ಹತ್ತಿ ಬರಲ್ಲ ಅಲ್ಲವಾ? ಬೇಗ ಬರೆಯಿರಿ, ತಾತನ ಹತ್ತಿರ ನಾನು ಪಂಥ ಕಟ್ಟಿದ್ದೇನೆ.

ನೀವು ನಮ್ಮನ್ನು ನೋಡಲು ಯಾಕೆ ಬರುವುದಿಲ್ಲ ಅಂತ ನನಗೆ ಈಗ ಗೊತ್ತು. ಅಮ್ಮ ತಿಂಗಳ ಸಹಿ ಹಾಕಲು ಹೋದಾಗ ನಾನೂ ಜೊತೆಗೆ ಕಚೇರಿಗೆ ಹೋಗಿದ್ದೆ.

ಇರ್ಮಾ


ಹತ್ತಿ ತೋಟ
26 ಫೆಬ್ರವರಿ 1956

ರೂಡಿ,

ನಿನ್ನೆ ಕರೆಸಿದ್ದರು. ಇನ್ನು ತಿಂಗಳು ತಿಂಗಳು ಬಂದು ಸಹಿ ಹಾಕಬೇಕಾಗಿಲ್ಲವಂತೆ. ವೋಲ್ಗಾದ ಮನೆ, ತೋಟ ಕೇಳುವುದಿಲ್ಲ, ಅಲ್ಲಿಗೆ ವಾಪಸ್ ಹೋಗುವುದಿಲ್ಲ ಅಂತ ಬರೆಸಿಕೊಂಡರು. ಅದೇ ಮೇಜು. ಹಿಂದೆ ಕೂತವನು ಬೇರೆ, ಹುಡುಗ. “ಹೋಗಿ ಅಜ್ಜಿ, ಎಲ್ಲಿಗೆ ಬೇಕಾದ್ರೂ ಹೋಗಿ” ಅಂದ. ಹೊರಗೆ ಬಂದು ಯಾವ ಕಡೆ ತಿರುಗಬೇಕೋ ತಿಳಿಯದೆ ಸುಮ್ಮನೆ ಮನೆಗೇ ಬಂದೆ.

ನಿಮಗೂ ಹೇಳಿರಬೇಕು. ಬಾ. ಬಂದು ಅವಳಿಗೆ ನೀನೇ ಹೇಳು. ನಾನು ಎಷ್ಟೋ ಸಲ ಬಾಯಿ ತೆರೆದೆ. “ಇರ್ಮಾ” ಅಂತೀನಿ, ಅವಳು “ಏನಮ್ಮಾ” ಅಂತಾಳೆ, ಅಷ್ಟಕ್ಕೇ ನಿಲ್ಲುತ್ತದೆ. ಹದಿನಾರು ತುಂಬಿತು, ಬೇಸಿಗೆಯಲ್ಲಿ ಅವಳಿಗೆ ಗುರುತಿನ ಪಾಸ್‌ಪೋರ್ಟು ಕೊಡುತ್ತಾರೆ. ಅದಕ್ಕೆ ಮೊದಲು ಬಾ.

ನೀನು ಅವಳನ್ನು ಕರೆದುಕೊಂಡು ಹೊರಟರೆ ಅಡ್ಡ ಬರುವುದಿಲ್ಲ.

ಅಕ್ಕ


ಕರಗಂಡ
24 ಜೂನ್ 1956

ಅಕ್ಕಾ,

ಊರು ತಲುಪಿದೆ. ಈ ಸಲ ಪ್ರಿಖೋದ್ಕೊನನ್ನು ಕೇಳಿ ಹೋಗಿರಲಿಲ್ಲ, ಹೋಗುತ್ತೇನೆ ಅಂತ ಹೇಳಿ ಹೋಗಿದ್ದೆ. ಫ್ಯಾನು ಎರಡೂ ಓಡುತ್ತಿವೆ. ನಾನಿಲ್ಲದೆಯೂ ಓಡುತ್ತಿದ್ದವು.

ರೈಲು ಹತ್ತುವಾಗ ನೀನು ನನ್ನ ಮುಖ ನೋಡಿದೆ, ನಾನು ಗಂಟು ಮೇಲೆತ್ತುವ ನೆಪದಲ್ಲಿ ತಿರುಗಿಕೊಂಡೆ. ಅಲ್ಲಿದ್ದಷ್ಟು ದಿನವೂ ಅವಳಿಗೆ ಹೇಳಿದೆನೋ ಇಲ್ಲವೋ ಎಂದು ನೀನು ಕೇಳಲಿಲ್ಲ. ಈಗ ಬರೆಯುತ್ತೇನೆ.

ಕೊನೆಯ ದಿನದ ಸಂಜೆ ಅವಳು ನನ್ನನ್ನು ಗಿರಣಿಗೆ ಕರೆದೊಯ್ದು ತನ್ನ ಬಟ್ಟೆ ಕಟ್ಟಿದ ಕೊಳವೆ ತೋರಿಸಿದಳು. ತಾತನ ಹತ್ತಿರ ಪಂಥ ಗೆದ್ದಿದ್ದಾಳೆ. ಬೇರಿಂಗಿನ ಮೇಲೆ ಇಬ್ಬರೂ ಕೈ ಇಟ್ಟು ನೋಡಿದೆವು. ವಾಪಸ್ ಬರುವಾಗ ಕಾಲುವೆಯ ಏರಿಯ ಮೇಲೆ ಕೂತೆವು. ನೀನು ಅಂಗಳದಲ್ಲಿ ರೊಟ್ಟಿಯ ಒಲೆಯ ಮುಂದೆ ನಿಂತಿದ್ದದ್ದು ಅಲ್ಲಿಂದ ಕಾಣುತ್ತಿತ್ತು. ಹೇಳಬೇಕೆಂದೇ ಕೂತಿದ್ದೆ. ಯಾವ ಮಾತಿನಿಂದ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದೆ.

ಅವಳೇ ಕೇಳಿಬಿಟ್ಟಳು. ನೀರಿನ ಕಡೆ ನೋಡುತ್ತಾ, “ಮಾವ, ನೀವು ನಮ್ಮಪ್ಪನಾ?” ಅಂದಳು.

ಅಕ್ಕ, ನೀನು ಆಗ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದೆ. ಅಷ್ಟು ದೂರಕ್ಕೆ ನಿನಗೆ ಕೇಳಿಸಿರಲಾರದು. ಹಿಟ್ಟಿನ ಕೈ ಎರಡನ್ನೂ ಮುಂದೆ ಹಿಡಿದುಕೊಂಡು ಹಾಗೇ ನಿಂತಿದ್ದೆ.

ನಾನು, “ಅಲ್ಲ” ಅಂದೆ.

ನಿನ್ನ ಮುಖ ನೋಡಿ ಅಂದದ್ದು ಅಂದುಕೊಳ್ಳಬೇಡ. ಅದೂ ಇತ್ತು. ಆದರೆ ಆ ಕ್ಷಣ ನನಗೆ ಕಂಡದ್ದು ಮೇಜು. ಇನ್ನು ಕೆಲವೇ ದಿನದಲ್ಲಿ ಅವಳು ಪಾಸ್‌ಪೋರ್ಟಿಗಾಗಿ ಒಂದು ಮೇಜಿನ ಮುಂದೆ ನಿಲ್ಲುತ್ತಾಳೆ. “ಅಪ್ಪನ ಹೆಸರು?” ಅಂತಾರೆ. ಕಾರ್ಲ್ ಎಂದು ಅವಳು ನಂಬಿ ಹೇಳಿದರೆ ಅದು ಸುಳ್ಳಲ್ಲ. ನಾನು ಹೌದು ಅಂದಿದ್ದರೆ ಅವಳು ಅಲ್ಲಿ ಸುಳ್ಳು ಹೇಳಬೇಕು, ಇಲ್ಲವೇ ನಿಜ ಹೇಳಿ ನಿನ್ನನ್ನು ಹಿಡಿದುಕೊಡಬೇಕು. ಕಚೇರಿಯ ಹುಡುಗ ನಿನ್ನನ್ನು ಅಜ್ಜಿ ಅಂತ ನಕ್ಕು ಮಾತಾಡಿದ, ನಿಜ. ನಾಳೆ ಬೇರೆ ಯಾರೋ ಕೂರುತ್ತಾರೆ. ಆ ಭಯವನ್ನು ಇಷ್ಟು ವರ್ಷ ನಾವಿಬ್ಬರೇ ಹೊತ್ತಿದ್ದೇವೆ. ಅವಳು ಯಾವ ಮೇಜಿನ ಮುಂದೆಯೂ ಇನ್ನೂ ತಲೆ ತಗ್ಗಿಸಿ ನಿಂತಿಲ್ಲ. ಹಾಗೇ ಇರಲಿ.

ಅವಳು ಏರಿಯ ಮಣ್ಣು ಕಿತ್ತು ಕಿತ್ತು ನೀರಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದಳು. “ಸರಿ. ಕರಗಂಡದಲ್ಲಿ ಗಣಿ ಯಂತ್ರದ ಶಾಲೆ ಇದೆಯಂತೆ. ಅಲ್ಲಿಗೆ ಓದೋಕೆ ಬಂದ್ರೆ ನಿಮ್ಮ ಮನೇಲೇ ಇರ್ತೀನಿ. ಆಗುತ್ತಾ, ಮಾವ?”

ಅವಳಿಗೆ ಗೊತ್ತು ಅಕ್ಕ. ನಾನು ಅಲ್ಲ ಅಂದದ್ದು ಯಾಕೆಂದೂ ಗೊತ್ತಾಯಿತೋ ಏನೋ. “ಮಾವ” ಅನ್ನುವುದನ್ನು ಅವಳು ಬಹಳ ಮೆಲ್ಲಗೆ ಅಂದಳು. “ಆಗುತ್ತೆ” ಅಂದೆ.

ಈಗ ನೀನು ಹೇಳಬೇಕು. ನೀನು ಬೇಡ ಅಂದರೆ ಬೇಡ.

ರೂಡಿ


ಹತ್ತಿ ತೋಟ
12 ಆಗಸ್ಟ್ 1956

ರೂಡಿ,

ಪಾಸ್‌ಪೋರ್ಟು ಬಂತು. ಏನೂ ಕೇಳಲಿಲ್ಲವಂತೆ, ಇದ್ದದ್ದನ್ನೇ ನೋಡಿ ಬರೆದುಕೊಂಡರಂತೆ. ಕರಗಂಡದ ಶಾಲೆಯಿಂದಲೂ ಬರಲು ಹೇಳಿದ್ದಾರೆ. ಇಪ್ಪತ್ತೇಳರ ಗಾಡಿಗೆ ಹತ್ತಿಸುತ್ತೇನೆ. ನೀನೇ ಸ್ಟೇಷನ್ನಿಗೆ ಬಾ, ಸಪಾರ್‌ಗಲಿಯನ್ನು ಕಳಿಸಬೇಡ.

ಇರ್ಮಾಗೆ ಬರೆದದ್ದರಲ್ಲಿ ನನ್ನನ್ನೂ ಬಾ ಅಂದೆಯಂತೆ. ಹತ್ತಿ ಬಿಡಿಸುವುದು ಮುಗಿಯಲಿ, ನೋಡೋಣ. ಈ ಊರಿನಲ್ಲಿ ನನ್ನನ್ನು ಎಲ್ಲರೂ ಇರ್ಮಾಳ ಅಮ್ಮ ಅಂತಾರೆ. ಅಲ್ಲಿಗೆ ಬಂದರೆ ಏನಂತಾರೋ.

ಕೇಳು. ಹಸಿವಾಗಿಲ್ಲ ಅಂತಾಳೆ, ಆಗಿರುತ್ತದೆ, ಬಡಿಸಿಬಿಡು. ಚಳಿಯಲ್ಲೂ ತಲೆಗೆ ಏನೂ ಕಟ್ಟುವುದಿಲ್ಲ, ಕಿವಿ ಮುಚ್ಚಿದರೆ ಸಿಟ್ಟು. ಗಂಟಲು ನೋವು ಬೇಗ ಹಿಡಿಯುತ್ತದೆ, ಬಿಸಿ ಹಾಲಿಗೆ ಬೆಣ್ಣೆ ಹಾಕಿ ಕೊಡು. ಅಳುವಾಗ ಸಮಾಧಾನ ಮಾಡಬೇಡ, ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡುತ್ತಿರು, ತಾನೇ ಸುಮ್ಮನಾಗುತ್ತಾಳೆ. ಬೆಳಿಗ್ಗೆ ಎಬ್ಬಿಸುವಾಗ ಹೆಸರು ಕೂಗಬೇಡ, ಪಾದ ಮುಟ್ಟು. ಇದನ್ನೆಲ್ಲ ನಾನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.

ನಿನ್ನೆ ಅವಳ ಗಂಟು ಕಟ್ಟಿದೆ. ಗೋಡೆಯ ಮೇಲಿನ ಕಾರ್ಲ್ ಫೋಟೋ ತೆಗೆದು ಅದರೊಳಗೆ ಇಡಲು ಹೋದೆ. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮತ್ತೆ ಮೊಳೆಗೆ ಹಾಕಿದಳು. “ಇದು ಇಲ್ಲೇ ಇರ್ಲಮ್ಮ, ನಿನಗೆ ಜೊತೆ” ಅಂದಳು.

ಅಂದು “ಅವಳನ್ನು ಕರೆಸಿಕೊಳ್ಳಲೇ” ಅಂತ ಕೇಳಿದವನು ನೀನು. ಕಳಿಸುತ್ತಿದ್ದೇನೆ. ಇನ್ನು ಕೇಳುವವಳು ನಾನು. ರಜೆ ಬಿಟ್ಟ ಕೂಡಲೇ ಕಳಿಸು ರೂಡಿ, ಫ್ಯಾನು ಗೀನು ಅಂತ ನೆಪ ಹೇಳಬೇಡ.

ನಿನ್ನ ಅಕ್ಕ,
ಅಮಾಲಿಯಾ